ಗುರುತು ಸಿಗುವುದಕ್ಕೆ ಐವತ್ತು ದಿನ

(ಬೆಂಗಳೂರಿನ ಕನ್ನಡ ಧರ್ಮಕೇಂದ್ರಗಳಲ್ಲಿ ಮನೆಮನೆಯ ಬೈಬಲ್ ಓದು ನಡೆಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲವನ್ನು ನಮಗೆ ಯಾರೂ ನೆನಪಿಸಬೇಕಾಗಿಲ್ಲ. ಬೂದಿ ಬುಧವಾರ ಬಂತೆಂದರೆ ಅಡುಗೆಮನೆಗೇ ಗೊತ್ತಾಗುತ್ತದೆ. ಶುಕ್ರವಾರ ಶಿಲುಬೆ ಹಾದಿ ಇರುತ್ತದೆ, ಉಪವಾಸ ಇರುತ್ತದೆ, ಕೈಯಲ್ಲಿ ಏನೋ ಒಂದು ಕೆಲಸ ಇರುತ್ತದೆ. ಪಾಸ್ಖ ಭಾನುವಾರದ ಊಟ ಮುಗಿದ ಮರುದಿನ ಏನಿರುತ್ತದೆ? ಪಾಸ್ಖಕಾಲ ತಪಸ್ಸುಕಾಲಕ್ಕಿಂತ ಉದ್ದ, ಭರ್ತಿ ಐವತ್ತು ದಿನ. 2026ರಲ್ಲಿ ಏಪ್ರಿಲ್ 5ರಿಂದ ಮೇ 24ರವರೆಗೆ. ಆದರೆ ಬೆಂಗಳೂರಿನಲ್ಲಿ ಇದೇ ಹೊತ್ತಿಗೆ ಶಾಲೆಗೆ ರಜೆ, ಅರ್ಧ ಓಣಿ ಊರಿಗೆ ಹೋಗಿರುತ್ತದೆ. ಇಪ್ಪತ್ತು ಜನ ಸೇರುತ್ತಿದ್ದ ಓದಿನ ಕೂಟಕ್ಕೆ ಆರು ಜನ ಬರುತ್ತಾರೆ. ನಡೆಸುವವರು ‘ಜೂನ್‌ನಲ್ಲಿ ಮತ್ತೆ ಶುರು ಮಾಡೋಣ’ ಎಂದುಬಿಡುತ್ತಾರೆ. ವರ್ಷದ ಅತ್ಯಂತ ಸಮೃದ್ಧವಾದ ಶುಭಸಂದೇಶ ವಾಚನಗಳು ಹಾಗೆಯೇ ದಾಟಿಹೋಗುತ್ತವೆ. ಆ ಆರು ಜನರಿಗಾಗಿ ಕೂಟ ನಡೆಸಿ ಎಂದು ಕೇಳಿಕೊಳ್ಳಲು ಇಲ್ಲಿ ನಿಂತಿದ್ದೇನೆ. ಹೇಗೆ ನಡೆಸಬಹುದು ಎಂದೂ ಹೇಳುತ್ತೇನೆ.

ಮೊದಲು ವಾಚನಗಳ ಜೋಡಣೆ ಗೊತ್ತಿರಲಿ. ಭಾನುವಾರದ ಓದುಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಯಾವ ವರ್ಷ ಯಾವುದು ಎಂಬ ಗೊಂದಲ ಬೇಡ. ಇಸವಿಯನ್ನು 3ರಿಂದ ಭಾಗಿಸಿ. ಶೇಷ ಒಂದು ಉಳಿದರೆ ಎ, ಎರಡು ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. 2026 ಎ ವರ್ಷ. ಪೂಜಾವರ್ಷ ಕ್ರಿಸ್ಮಸಿಗೆ ಮುಂಚಿನ ಆಗಮನ ಕಾಲದಿಂದ ಶುರುವಾಗುವುದರಿಂದ ನವೆಂಬರ್ ಕೊನೆಗೆ, ಡಿಸೆಂಬರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಪಾಸ್ಖಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಈ ಐವತ್ತು ದಿನ ಭಾನುವಾರದ ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ ಬರುವುದಿಲ್ಲ, ಪ್ರೇಷಿತರ ಕಾರ್ಯಕಲಾಪಗಳಿಂದ ಬರುತ್ತದೆ. ಎರಡನೆಯದು ಎ ವರ್ಷ ಪೇತ್ರನ ಮೊದಲ ಪತ್ರದಿಂದ, ಬಿ ವರ್ಷ ಯೊವಾನ್ನನ ಮೊದಲ ಪತ್ರದಿಂದ, ಸಿ ವರ್ಷ ಪ್ರಕಟನೆ ಗ್ರಂಥದಿಂದ. ಶುಭಸಂದೇಶ ಬಹುಪಾಲು ಯೊವಾನ್ನನದು. ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಸಭೆಯವರ ವಾಚನಪಟ್ಟಿ ಬೇರೆ. ಆದರೆ ಬೈಬಲಿನ ಭಾಗಗಳು ಅವೇ ಆಗಿರುವುದರಿಂದ ನಾನು ಹೇಳುವುದು ಅವರಿಗೂ ಹೊಂದುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾಲ್ಕು ಶುಭಸಂದೇಶಗಳಲ್ಲಿ ಯಾವುದೂ ಯೇಸು ಎದ್ದ ಆ ಗಳಿಗೆಯನ್ನು ವರ್ಣಿಸುವುದಿಲ್ಲ. ಕಲ್ಲು ಉರುಳಿರುತ್ತದೆ, ಬಟ್ಟೆ ಬಿದ್ದಿರುತ್ತದೆ, ಆಗಲೇ ಆಗಿಹೋಗಿರುತ್ತದೆ. ಅವರು ವರ್ಣಿಸುವುದು ಆಮೇಲಿನ ಸಂಗತಿಯನ್ನು: ಎದ್ದವರನ್ನು ಎದುರಿಗೇ ಕಂಡರೂ ಜನಕ್ಕೆ ಗುರುತು ಸಿಗುವುದಿಲ್ಲ. ಮಗ್ದಲದ ಮರಿಯಳಿಗೆ ಸಿಗುವುದಿಲ್ಲ. ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಇಬ್ಬರಿಗೆ ಗಂಟೆಗಟ್ಟಲೆ ಸಿಗುವುದಿಲ್ಲ. ದೋಣಿಯಲ್ಲಿದ್ದ ಏಳು ಜನರಿಗೆ ಮೊದಲು ಸಿಗುವುದಿಲ್ಲ. ಗುರುತು ಸಿಗಲು ಹೊತ್ತು ಹಿಡಿಯುತ್ತದೆ, ಆ ಹೊತ್ತನ್ನು ಶುಭಸಂದೇಶಕಾರರು ಮರೆಮಾಚಿಲ್ಲ. ನಾವು ಮಾಡುವ ತಪ್ಪು ಇಲ್ಲೇ. ಕೊನೆ ನಮಗೆ ಗೊತ್ತಿದೆ, ಆದ್ದರಿಂದ ನಡುವಿನ ತಡವನ್ನು ಹಾರಿಸಿ ‘ಅಲ್ಲೆಲೂಯ’ಕ್ಕೆ ಓಡುತ್ತೇವೆ.

ಪಾಸ್ಖ ಭಾನುವಾರ ಹಗಲಿನ ಪೂಜೆಗೆ ಯೊವಾನ್ನ 20:1-9. ಇದನ್ನು ಓದಿಸುವಾಗ ‘ನೋಡು’ ಎಂಬ ಕ್ರಿಯೆಯ ಮೇಲೆ ಬೆರಳಿಟ್ಟು ಓದಿಸಿ. ಸಮಾಧಿಗೆ ಮೊದಲು ತಲುಪಿದ ಶಿಷ್ಯ ಬಗ್ಗಿ ನಾರುಬಟ್ಟೆಯನ್ನು ಕಾಣುತ್ತಾನೆ, ಒಳಗೆ ಹೋಗುವುದಿಲ್ಲ. ಹಿಂದಿನಿಂದ ಬಂದ ಪೇತ್ರ ಒಳಹೊಕ್ಕು ಅದನ್ನೇ ದಿಟ್ಟಿಸುತ್ತಾನೆ. ಆಮೇಲೆ ಆ ಇನ್ನೊಬ್ಬ ಶಿಷ್ಯ ಒಳಗೆ ಬಂದು ‘ನೋಡಿದನು, ವಿಶ್ವಾಸಿಸಿದನು’. ಗ್ರೀಕ್ ಮೂಲದಲ್ಲಿ ಈ ಮೂರು ನೋಟಕ್ಕೆ ಮೂರು ಬೇರೆ ಬೇರೆ ಕ್ರಿಯಾಪದಗಳಿವೆ. ಬರೀ ಕಣ್ಣಿಗೆ ಬೀಳುವುದು ಒಂದು, ನಿಂತು ದಿಟ್ಟಿಸುವುದು ಇನ್ನೊಂದು, ಕಂಡು ಅರಿಯುವುದು ಮತ್ತೊಂದು. ಪೇತ್ರ ದಿಟ್ಟಿಸಿದ ಮೇಲೆ ಅವನಿಗೆ ಏನಾಯಿತು ಎಂದು ಯೊವಾನ್ನ ಹೇಳುವುದೇ ಇಲ್ಲ. ಅದನ್ನು ನೀವೂ ಹೇಳಲು ಹೋಗಬೇಡಿ.

ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿ, ಸುತ್ತಿಟ್ಟಂತೆ ಇತ್ತು ಎಂಬ ಮಾತಿಗೆ ಕೂಟದಲ್ಲಿ ಯಾರಾದರೂ ಒಂದು ಕತೆ ಹೇಳಿಯೇ ಹೇಳುತ್ತಾರೆ: ಯಜಮಾನ ಊಟದ ನಡುವೆ ಕರವಸ್ತ್ರ ಮಡಿಸಿಟ್ಟರೆ ‘ಮತ್ತೆ ಬರುತ್ತೇನೆ’ ಎಂದರ್ಥವಂತೆ, ಅದು ಯೆಹೂದ್ಯರ ಪದ್ಧತಿಯಂತೆ. ವಾಟ್ಸಾಪಿನಲ್ಲಿ ಪ್ರತಿ ವರ್ಷ ಸುತ್ತುವ ಕತೆ ಇದು. ಯೊವಾನ್ನನ ಪಠ್ಯದಲ್ಲಿ ಊಟದ ಮಾತಿಲ್ಲ. ಅದರ ಬದಲು ಅದೇ ಶುಭಸಂದೇಶದ 11:44 ತೆಗೆಯಿರಿ. ಲಾಜರ ಸಮಾಧಿಯಿಂದ ಬಂದಾಗ ಕೈಕಾಲಿಗೆ ಬಟ್ಟೆ ಕಟ್ಟಿತ್ತು, ಮುಖಕ್ಕೂ ವಸ್ತ್ರ ಸುತ್ತಿತ್ತು. ಬಿಚ್ಚಲು ಬೇರೆಯವರು ಬೇಕಾಯಿತು. ಗ್ರೀಕಿನಲ್ಲಿ ಎರಡೂ ಕಡೆ ಆ ಮುಖವಸ್ತ್ರಕ್ಕೆ ಅದೇ ಪದ. ಲಾಜರ ಮತ್ತೆ ಸಾಯುವವನು, ಅವನ ಸಾವಿನ ಬಟ್ಟೆ ಅವನ ಜೊತೆಗೇ ಹೊರಗೆ ಬಂತು. ಯೇಸು ಅದನ್ನು ಅಲ್ಲೇ ಬಿಟ್ಟುಹೋದರು. ಈ ಹೋಲಿಕೆಗೆ ವಾಟ್ಸಾಪ್ ಬೇಡ, ಪುಸ್ತಕದ ಹಾಳೆ ತಿರುಗಿಸಿದರೆ ಸಾಕು.

ಇನ್ನೊಂದು ತೊಡಕು ಎಲ್ಲ ಕೂಟದಲ್ಲೂ ಬರುತ್ತದೆ. ಸಮಾಧಿಗೆ ಹೋದ ಹೆಂಗಸರು ಎಷ್ಟು ಜನ? ಮತ್ತಾಯನಲ್ಲಿ ಇಬ್ಬರು, ಮಾರ್ಕನಲ್ಲಿ ಮೂವರು, ಲೂಕನಲ್ಲಿ ಮೂವರ ಹೆಸರು ಮತ್ತು ‘ಇತರರು’, ಯೊವಾನ್ನನಲ್ಲಿ ಮಗ್ದಲದ ಮರಿಯ ಒಬ್ಬಳೇ. ಅಲ್ಲಿ ಕಂಡವರು? ಮತ್ತಾಯನಲ್ಲಿ ಒಬ್ಬ ದೇವದೂತ, ಮಾರ್ಕನಲ್ಲಿ ಬಿಳಿ ನಿಲುವಂಗಿಯ ಒಬ್ಬ ಯುವಕ, ಲೂಕನಲ್ಲಿ ಹೊಳೆಯುವ ಬಟ್ಟೆಯ ಇಬ್ಬರು ಪುರುಷರು, ಯೊವಾನ್ನನಲ್ಲಿ ಇಬ್ಬರು ದೇವದೂತರು. ನಾಲ್ಕನ್ನೂ ಕಲಸಿ ಒಂದೇ ಕತೆ ಮಾಡುವ ಆಸೆ ಬರುತ್ತದೆ. ಬೇಡ. ಕಲಸಿದರೆ ನಾಲ್ವರಲ್ಲಿ ಯಾರೂ ಬರೆಯದ ಐದನೆಯ ಶುಭಸಂದೇಶವೊಂದು ತಯಾರಾಗುತ್ತದೆ. ಆ ದಿನ ಯಾವ ವಾಚನವೋ ಅದರೊಳಗೇ ಇರಿ. ಕೇಳಿದವರಿಗೆ ವ್ಯತ್ಯಾಸಗಳನ್ನು ಮುಚ್ಚಿಡದೆ ಓದಿ ತೋರಿಸಿ. ನಾಲ್ವರೂ ಒಪ್ಪುವ ಸಂಗತಿ ಒಂದಿದೆ: ಮೊದಲು ಹೋದವರು ಹೆಂಗಸರು, ಎಲ್ಲ ಪಟ್ಟಿಯಲ್ಲೂ ಮಗ್ದಲದ ಮರಿಯ ಇದ್ದಾಳೆ. ಅವರ ಮಾತು ಪ್ರೇಷಿತರಿಗೆ ಬರೀ ಹರಟೆಯಾಗಿ ಕೇಳಿಸಿತು ಎಂದು ಲೂಕ 24:11ರಲ್ಲಿ ಮುಲಾಜಿಲ್ಲದೆ ಬರೆಯುತ್ತಾನೆ.

ಮರಿಯಳ ಭೇಟಿ ಭಾನುವಾರದ ವಾಚನದಲ್ಲಿ ಸಿಗುವುದಿಲ್ಲ. ಒಂಬತ್ತನೆಯ ವಚನಕ್ಕೆ ಓದು ನಿಲ್ಲುತ್ತದೆ. ಅವಳ ಭಾಗ, 20:11-18, ಎರಡು ದಿನ ಬಿಟ್ಟು ಮಂಗಳವಾರ ಬರುತ್ತದೆ. ಮಂಗಳವಾರ ಪೂಜೆಗೆ ಎಷ್ಟು ಜನ ಇರುತ್ತಾರೆ? ಅದಕ್ಕೇ ಮೊದಲ ವಾರದ ನಿಮ್ಮ ಕೂಟಕ್ಕೆ ಈ ಭಾಗವನ್ನೇ ಇಟ್ಟುಕೊಳ್ಳಿ.

ಇಲ್ಲಿ ಕನ್ನಡ ನಮಗೆ ಒಂದು ಸಹಾಯ ಮಾಡುತ್ತದೆ. ಮರಿಯ ಯೇಸುವನ್ನು ತೋಟಗಾರ ಎಂದುಕೊಂಡು ಮಾತಾಡಿಸುತ್ತಾಳೆ. ಅವಳು ಬಳಸುವ ಗ್ರೀಕ್ ಪದ ‘ಕೂರಿಯೆ’. ಅಪರಿಚಿತರನ್ನು ಮರ್ಯಾದೆಯಿಂದ ಕರೆಯುವುದಕ್ಕೂ ಅದೇ, ‘ಪ್ರಭುವೇ’ ಎಂದು ದೇವರನ್ನು ಕರೆಯುವುದಕ್ಕೂ ಅದೇ. ಹಲವು ಭಾಷೆಗಳಲ್ಲಿ ಅನುವಾದಕರು ಎರಡರಲ್ಲಿ ಒಂದನ್ನು ಆರಿಸಲೇಬೇಕು. ನಮ್ಮಲ್ಲಿ ‘ಸ್ವಾಮಿ’ ಇದೆ. ಗಾಂಧಿ ಬಜಾರಿನಲ್ಲಿ ದಾರಿ ಕೇಳುವಾಗಲೂ ‘ಸ್ವಾಮಿ’, ಯೇಸುಸ್ವಾಮಿಗೂ ‘ಸ್ವಾಮಿ’. ‘ಸ್ವಾಮಿ, ನೀವೇ ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟಿದ್ದೀರಿ ಹೇಳಿ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ತಾನು ಎಷ್ಟು ಸರಿಯಾದ ಪದ ಆಡಿದೆ ಎಂದು ಆಡಿದವಳಿಗೇ ಗೊತ್ತಿಲ್ಲ. ನಿಮ್ಮ ಕೈಲಿರುವ ಬೈಬಲಿನಲ್ಲಿ ‘ಅಯ್ಯಾ’ ಎಂದಿದ್ದರೂ ಈ ಎರಡರ್ಥವನ್ನು ಕೂಟಕ್ಕೆ ಬಿಡಿಸಿ ಹೇಳಿ.

ಅವಳು ಎರಡು ಸಲ ತಿರುಗುತ್ತಾಳೆ. 14ನೆಯ ವಚನದಲ್ಲಿ ಹಿಂದಿರುಗಿ ನೋಡುತ್ತಾಳೆ, ಕಾಣುತ್ತಾಳೆ, ಗುರುತಿಸುವುದಿಲ್ಲ. 16ರಲ್ಲಿ ಅವರು ‘ಮರಿಯಾ’ ಎನ್ನುತ್ತಾರೆ, ಅವಳು ತಿರುಗಿ ‘ರಬ್ಬೂನಿ’ ಎನ್ನುತ್ತಾಳೆ. ಮೊದಲೇ ಎದುರಿಗಿದ್ದವಳು ಮತ್ತೆ ತಿರುಗಿದ್ದು ಹೇಗೆ ಎಂದು ಒಬ್ಬರಾದರೂ ಕೇಳುತ್ತಾರೆ. ಕೇಳಿದವರನ್ನು ಮೆಚ್ಚಿಕೊಳ್ಳಿ, ಅವರು ಪಠ್ಯವನ್ನು ನಿಜವಾಗಿ ಓದಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಮೊದಲ ಸಲ ತಿರುಗಿದ್ದು ಮೈ. ಅಳು ಇನ್ನೂ ಸಮಾಧಿಯ ಕಡೆಗೇ ಇತ್ತು. ಹೆಸರು ಹಿಡಿದು ಕರೆದಾಗ ಅದೂ ತಿರುಗಿತು.

ಮರಿಯಳ ವಿಷಯದಲ್ಲಿ ಒಂದು ತಿದ್ದುಪಡಿ ಬಾಕಿ ಇದೆ, ಈ ವರ್ಷವಾದರೂ ಮಾಡಿ. ಅವಳು ವೇಶ್ಯೆಯಾಗಿದ್ದಳು ಎಂದು ಶುಭಸಂದೇಶದಲ್ಲಿ ಎಲ್ಲೂ ಇಲ್ಲ. ಅವಳಿಂದ ಏಳು ದೆವ್ವಗಳು ಬಿಟ್ಟುಹೋಗಿದ್ದವು ಎಂದು ಲೂಕ 8:2 ಹೇಳುತ್ತದೆ, ಅಷ್ಟೇ. 591ರಲ್ಲಿ ಪೋಪ್ ಮಹಾ ಗ್ರೆಗೋರಿಯವರು ಒಂದು ಪ್ರಬೋಧನೆಯಲ್ಲಿ ಇವಳನ್ನೂ, ಲೂಕನ 7ನೆಯ ಅಧ್ಯಾಯದ ಹೆಸರಿಲ್ಲದ ಪಾಪಿ ಹೆಂಗಸನ್ನೂ, ಬೆಥಾನಿಯದ ಮರಿಯಳನ್ನೂ ಒಬ್ಬಳೇ ಮಾಡಿದರು. ಆ ಕಲಸುವಿಕೆ ಹದಿನಾಲ್ಕು ಶತಮಾನ ಉಳಿಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ದರ್ಜೆಗೆ ಏರಿಸಿದರು. ಧರ್ಮೋಪದೇಶ ತರಗತಿಯ ಮಕ್ಕಳು ಹಳೆಯ ಕತೆಯನ್ನೇ ಕಲಿಯಬಾರದು.

ಎರಡನೆಯ ಭಾನುವಾರ. ಮೂರು ವರ್ಷವೂ ಒಂದೇ ವಾಚನ, ಯೊವಾನ್ನ 20:19-31. ಪ್ರತಿ ವರ್ಷ ಬರುವುದರಿಂದಲೇ ಇದು ಸವೆದುಹೋಗಿದೆ. ‘ಸಂದೇಹಿ ತೋಮ’ ಎಂದು ಒಂದು ಹಣೆಪಟ್ಟಿ ಹಚ್ಚಿ ಮುಗಿಸುತ್ತೇವೆ. ಸ್ವಲ್ಪ ನಿಧಾನಿಸಿ. 20ನೆಯ ವಚನದಲ್ಲಿ ಯೇಸು ಹತ್ತು ಜನರಿಗೆ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತಾವಾಗಿ ತೋರಿಸುತ್ತಾರೆ, ಆಗ ಅವರಿಗೆ ಸಂತೋಷವಾಗುತ್ತದೆ. ತೋಮ ಕೇಳಿದ್ದು ಬೇರೇನು? ಉಳಿದವರಿಗೆ ಸಿಕ್ಕಿದ್ದು ತನಗೂ ಸಿಗಲಿ ಎಂದ. ಮುಟ್ಟಬೇಕು ಎಂಬುದೊಂದನ್ನು ಸೇರಿಸಿದ. ಅವನೇನು ಅಂಜುಬುರುಕನಲ್ಲ. 11:16ರಲ್ಲಿ ‘ನಡೆಯಿರಿ, ನಾವೂ ಹೋಗಿ ಅವರ ಜೊತೆ ಸಾಯೋಣ’ ಎಂದವನು ಅವನೇ. 14:5ರಲ್ಲಿ ‘ನೀವು ಎಲ್ಲಿಗೆ ಹೋಗುತ್ತೀರೋ ನಮಗೆ ತಿಳಿಯದು’ ಎಂದು ಎಲ್ಲರ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದವನೂ ಅವನೇ.

ಎಂಟು ದಿನದ ನಂತರ ಯೇಸು ‘ನಿನ್ನ ಬೆರಳನ್ನು ಇಲ್ಲಿಡು’ ಎನ್ನುತ್ತಾರೆ. ತೋಮ ಮುಟ್ಟಿದನೆ? ಕೂಟದಲ್ಲಿ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ‘ಮುಟ್ಟಿದ’ ಎನ್ನುತ್ತಾರೆ, ಚಿತ್ರಗಳಲ್ಲಿ ಹಾಗೆ ಕಂಡಿದ್ದಾರೆ. 27 ಮತ್ತು 28ನೆಯ ವಚನಗಳನ್ನು ಮತ್ತೆ ಓದಿಸಿ. ಮುಟ್ಟಿದ ಮಾತಿಲ್ಲ. ‘ನನ್ನ ಪ್ರಭುವೇ, ನನ್ನ ದೇವರೇ’ ಎಂಬ ಉತ್ತರ ಇದೆ. ಇನ್ನೂ ಒಂದು ಸೂಕ್ಷ್ಮ: ಆ ಎಂಟು ದಿನ ಹತ್ತು ಜನ ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಬಿಟ್ಟುಹೋಗಲಿಲ್ಲ. ನಂಬಿದವರೂ ನಂಬದವನೂ ಒಂದೇ ಮನೆಯಲ್ಲಿ ಒಂದು ವಾರ ಇದ್ದರು. ನಿಮ್ಮ ಕೂಟದಲ್ಲಿ ಪ್ರಶ್ನೆ ಕೇಳುವ ಹುಡುಗನೊಬ್ಬ ಇದ್ದರೆ, ಕಾಲೇಜಿಗೆ ಹೋಗುವ ಮಗಳೊಬ್ಬಳು ‘ನನಗೆ ಇದೆಲ್ಲ ಗೊತ್ತಾಗಲ್ಲಮ್ಮ’ ಎಂದು ಮೂಲೆಯಲ್ಲಿ ಕುಳಿತಿದ್ದರೆ, ದಯವಿಟ್ಟು ಈ ಎಂಟು ದಿನವನ್ನು ನೆನಪಿಟ್ಟುಕೊಳ್ಳಿ. ತೋಮನ ಸಮಾಧಿಯಿದೆ ಎನ್ನುವ ಚೆನ್ನೈನ ಮೈಲಾಪುರಕ್ಕೆ ಹರಕೆ ಹೊತ್ತು ಹೋಗುವ ಮನೆಗಳು ನಮ್ಮ ನಗರದಲ್ಲಿವೆ; ತೋಮನೇ ಭಾರತಕ್ಕೆ ಶುಭಸಂದೇಶ ತಂದನೆಂಬ ಪರಂಪರೆ ನಮ್ಮದು. ಅವನನ್ನು ಸಂದೇಹಿ ಎಂದಷ್ಟೇ ಕರೆಯುವುದು ನಮಗೆ ಒಪ್ಪುವ ಮಾತಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಕೂಟ ನಡೆಸುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಮ್ಮಾವುಸಿನ ಭಾಗ ಅದಿಲ್ಲದೆ ನಿಲ್ಲುವುದಿಲ್ಲ. ಒಟ್ಟು 45 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಹಾಡು, ಪ್ರಾರ್ಥನೆ 5 ನಿಮಿಷ. ಒಬ್ಬರು ವಾಚನವನ್ನು ನಿಧಾನವಾಗಿ ಓದಲಿ. ಆಮೇಲೆ 2 ನಿಮಿಷ ಮೌನ, ಗಡಿಯಾರ ನೋಡಿಕೊಂಡೇ. ಎರಡನೆಯ ಸಲ ಬೇರೊಬ್ಬರು ಓದಲಿ. ಮೊದಲು ಗಂಡಸಿನ ದನಿ ಇದ್ದರೆ ಈಗ ಹೆಂಗಸಿನ ದನಿ. ಅದಾದ ಮೇಲೆ ಪ್ರತಿಯೊಬ್ಬರೂ ತಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಪದವನ್ನೋ ವಾಕ್ಯವನ್ನೋ ಹೇಳಲಿ, ವಿವರಣೆಯಿಲ್ಲದೆ. ಇದಕ್ಕೆ 5 ನಿಮಿಷ. ಮತ್ತೆ 3 ನಿಮಿಷ ಮೌನ. ನಂತರ 15 ನಿಮಿಷ ಹಂಚಿಕೆ, ಉಳಿದುದು ಪ್ರಾರ್ಥನೆಗೆ.

ಕೆಡುವುದು ಮೂರು ಕಡೆ. ಒಂದು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅನುವಾದ. ಹಳೆಯ ಸತ್ಯವೇದದಲ್ಲಿ ‘ಯೇಸು ಹೇಳಿದನು’, ಈಚಿನ ಪವಿತ್ರ ಬೈಬಲಿನಲ್ಲಿ ‘ಯೇಸು ಹೇಳಿದರು’, ಮೊಬೈಲಿನಲ್ಲಿ ಇನ್ನೇನೋ. ಹೋಲಿಸಿ ನೋಡುವುದು ಒಳ್ಳೆಯದೇ, ಆದರೆ ಹಂಚಿಕೆಯ ಹೊತ್ತಿಗೆ ಇರಲಿ. ಓದುವಾಗ ಒಂದೇ ಪಠ್ಯ, ಉಳಿದವರು ಪುಸ್ತಕ ಮುಚ್ಚಿ ಕಿವಿಗೊಡಲಿ. ಎರಡು, ಮೌನ. 40 ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ, ಮನೆಯವರು ಕಾಫಿಗೆ ಎದ್ದುಹೋಗುತ್ತಾರೆ, ನಡೆಸುವವರು ಗಾಬರಿಯಾಗಿ ಮಾತು ಶುರುಮಾಡುತ್ತಾರೆ. ಕಾಫಿ ಕೊನೆಗೆ ಎಂದು ಮೊದಲೇ ಹೇಳಿಬಿಡಿ. ಮೂರು, ಮತ್ತು ಇದೇ ದೊಡ್ಡದು: ನಡೆಸುವವರು ತಾವು ಕೇಳಿದ ಪ್ರಶ್ನೆಗೆ ತಾವೇ ಉತ್ತರ ಹೇಳುತ್ತಾರೆ. ಎರಡು ವಾರ ಹೀಗಾದರೆ ಮೂರನೆಯ ವಾರ ಯಾರೂ ಬಾಯಿ ತೆರೆಯುವುದಿಲ್ಲ.

ಎಮ್ಮಾವುಸಿಗೆ ಬರೋಣ. ಲೂಕ 24:13-35, ಎ ವರ್ಷದ ಮೂರನೆಯ ಭಾನುವಾರ. ಅಷ್ಟಾಹದ, ಅಂದರೆ ಪಾಸ್ಖದ ಮೊದಲ ಎಂಟು ದಿನದ, ಬುಧವಾರ ಪ್ರತಿ ವರ್ಷವೂ ಇದೆ. ಜೆರುಸಲೇಮಿನಿಂದ ಅರವತ್ತು ಸ್ತಾದಿಯ, ಅಂದರೆ ಸುಮಾರು 11 ಕಿಲೋಮೀಟರ್. ಹೆಚ್ಚುಕಡಿಮೆ ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ನಡೆದುಹೋದ ಹಾಗೆ; ಎರಡೂವರೆ ಗಂಟೆಯ ನಡಿಗೆ. ಈ ದೂರವನ್ನು ಕೂಟಕ್ಕೆ ಮೈಗೆ ತಾಗುವಂತೆ ಹೇಳಿ. ಅಪರಿಚಿತರೊಬ್ಬರು ದಾರಿಯಲ್ಲಿ ಎಲ್ಲಿ ಜೊತೆಗೂಡಿದರು ಎಂದು ಲೂಕ ಹೇಳಿಲ್ಲ, ಆದರೆ ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳನ್ನೂ ವಿವರಿಸುವಷ್ಟು ದಾರಿ ಉಳಿದಿತ್ತು. ಇಬ್ಬರಲ್ಲಿ ಒಬ್ಬನ ಹೆಸರು ಕ್ಲೆಯೊಫ. ಇನ್ನೊಬ್ಬರ ಹೆಸರಿಲ್ಲ. ಆ ಜಾಗ ಹಾಗೇ ಖಾಲಿ ಇರಲಿ, ಓದುವವರು ಅಲ್ಲಿ ನಿಂತುಕೊಳ್ಳುತ್ತಾರೆ.

ಈ ಭಾಗದ ಎದೆ 21ನೆಯ ವಚನದಲ್ಲಿದೆ. ‘ಇಸ್ರಯೇಲನ್ನು ಬಿಡಿಸುವವರು ಅವರೇ ಎಂದು ನಾವು ನಂಬಿಕೊಂಡಿದ್ದೆವು.’ ನಂಬಿಕೊಂಡಿದ್ದೆವು: ಈ ಭೂತಕಾಲವನ್ನು ಓದುವವರು ನುಂಗಬಾರದು. ಕೆಲಸ ಸಿಗುತ್ತದೆ ಎಂದುಕೊಂಡಿದ್ದೆವು, ಕಾಯಿಲೆ ವಾಸಿಯಾಗುತ್ತದೆ ಎಂದುಕೊಂಡಿದ್ದೆವು, ಮಗ ಮನೆಗೆ ಬರುತ್ತಾನೆ ಎಂದುಕೊಂಡಿದ್ದೆವು. ನಿಮ್ಮ ಕೂಟದಲ್ಲಿ ಕೂತ ಪ್ರತಿಯೊಬ್ಬರ ಬಳಿಯೂ ಇಂಥ ಒಂದು ‘ಇದ್ದೆವು’ ಇದೆ. ಮೊದಲ ಮೌನವನ್ನು ಇದಕ್ಕೇ ಬಿಡಿ. ಯೇಸು ಅವರನ್ನು ತಿದ್ದುವ ಮೊದಲು ಅವರ ದುಃಖವನ್ನು ಪೂರ್ತಿ ಕೇಳಿಸಿಕೊಂಡರು. ‘ಯಾವ ಸಂಗತಿ?’ ಎಂದು, ಎಲ್ಲ ಬಲ್ಲವರೇ, ಕೇಳಿದರು.

ಊರು ಹತ್ತಿರ ಬಂದಾಗ ಯೇಸು ಮುಂದೆ ಹೋಗುವವರಂತೆ ಕಂಡರು. ಆಗ ಇಬ್ಬರೂ ಬಲವಂತ ಮಾಡುತ್ತಾರೆ. ಆ ಮಾತನ್ನು ನಮ್ಮ ಮನೆಯ ಕನ್ನಡದಲ್ಲಿ ಹೇಳಿ ನೋಡಿ: ‘ಹೊತ್ತು ಮುಳುಗ್ತು, ಈಗೆಲ್ಲಿ ಹೋಗ್ತೀರಿ, ಇಲ್ಲೇ ಉಳ್ಕೊಳ್ಳಿ.’ ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸದ ಎಲ್ಲ ಅಜ್ಜಿಯರ ಮಾತು ಅದು. ಶಾಸ್ತ್ರವೆಲ್ಲ ಕೇಳಿದರೂ ಸಿಗದ ಗುರುತು ಈ ಉಪಚಾರದ ದಾರಿಯಲ್ಲಿ ಸಿಕ್ಕಿತು. ಹಾಗೆಂದು ದಾರಿಯ ವಿವರಣೆ ವ್ಯರ್ಥವಾಯಿತು ಎನ್ನಬೇಡಿ; ‘ನಮ್ಮ ಹೃದಯ ಉರಿಯುತ್ತಿರಲಿಲ್ಲವೆ’ ಎಂದು ಆಮೇಲೆ ಅವರೇ ಹೇಳುತ್ತಾರೆ. ವಾಕ್ಯ ಮೊದಲು, ರೊಟ್ಟಿ ಆಮೇಲೆ, ನಮ್ಮ ಬಲಿಪೂಜೆಯ ಎರಡು ಭಾಗಗಳು ಇದೇ ಕ್ರಮದಲ್ಲಿವೆ. 30ನೆಯ ವಚನದ ನಾಲ್ಕು ಕ್ರಿಯೆಗಳನ್ನು ಎಣಿಸಿ: ತೆಗೆದುಕೊಂಡರು, ಸ್ತುತಿಸಿದರು, ಮುರಿದರು, ಕೊಟ್ಟರು. ಐದು ಸಾವಿರ ಜನರ ಊಟದಲ್ಲಿ, 9:16ರಲ್ಲಿ, ಇವೇ ನಾಲ್ಕು. ಕಡೆಯ ಭೋಜನದಲ್ಲೂ ಇದೇ ಸಾಲು. ಅತಿಥಿಯಾಗಿ ಬಂದವರು ಯಜಮಾನನ ಕೆಲಸ ಮಾಡಿದರು.

ಅದೇ ಗಳಿಗೆ ಅವರಿಬ್ಬರೂ ಎದ್ದರು. ಈಗ 11 ಕಿಲೋಮೀಟರ್ ಕತ್ತಲಲ್ಲಿ ವಾಪಸು. ತಲುಪಿ ತಮ್ಮ ಸುದ್ದಿ ಹೇಳುವ ಮೊದಲೇ ಅಲ್ಲಿದ್ದವರು ‘ಪ್ರಭು ನಿಜವಾಗಿ ಎದ್ದಿದ್ದಾರೆ, ಸಿಮೋನನಿಗೆ ಕಾಣಿಸಿಕೊಂಡರು’ ಎನ್ನುತ್ತಾರೆ. ಮೊದಲ ಸಾಕ್ಷ್ಯ ತಮ್ಮದೇ ಎಂದು ಓಡಿಬಂದವರು ಮೊದಲು ಬೇರೆಯವರ ಸಾಕ್ಷ್ಯ ಕೇಳಬೇಕಾಯಿತು.

ಸಿ ವರ್ಷದ ಮೂರನೆಯ ಭಾನುವಾರ ಯೊವಾನ್ನ 21. ಇದಕ್ಕೆ ಚಿಕ್ಕ ರೂಪವೊಂದಿದೆ, 14ನೆಯ ವಚನಕ್ಕೆ ನಿಲ್ಲುವುದು. ಅದನ್ನು ಆರಿಸಿದರೆ ಪೇತ್ರನಿಗೆ ಕೇಳಿದ ಮೂರು ಪ್ರಶ್ನೆ ಬಿಟ್ಟುಹೋಗುತ್ತವೆ. ಕೂಟದಲ್ಲಿ 19ರವರೆಗೂ ಓದಿ. 153 ಮೀನಿನ ಲೆಕ್ಕಕ್ಕೆ ಎಲ್ಲರೂ ಬೀಳುತ್ತಾರೆ. ಒಂದರಿಂದ ಹದಿನೇಳರವರೆಗಿನ ಅಂಕಿಗಳನ್ನು ಕೂಡಿದರೆ 153 ಎಂದು ಸಂತ ಅಗಸ್ಟಿನ್ ತೋರಿಸಿದ್ದಾರೆ. ಹತ್ತು ಆಜ್ಞೆ, ಪವಿತ್ರಾತ್ಮರ ಏಳು ವರ ಸೇರಿ ಹದಿನೇಳು ಎಂಬುದು ಅವರ ವಿವರಣೆ. ಕೇಳಲು ಚೆಂದ, ಐದು ನಿಮಿಷ ಕೊಡಿ, ಆಮೇಲೆ ಒಂಬತ್ತನೆಯ ವಚನಕ್ಕೆ ಬನ್ನಿ. ದಡದಲ್ಲಿ ಇದ್ದಿಲ ಬೆಂಕಿ ಉರಿಯುತ್ತಿದೆ. ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ಇನ್ನೊಂದು 18:18ರಲ್ಲಿ, ಚಳಿಗೆ ಆಳುಗಳು ಹೊತ್ತಿಸಿದ ಬೆಂಕಿ. ಅದರ ಪಕ್ಕ ನಿಂತು ಮೈ ಕಾಯಿಸಿಕೊಂಡ ಪೇತ್ರ ಅಂದು ಮೂರು ಸಲ ‘ಇಲ್ಲ’ ಎಂದಿದ್ದ. ಇದ್ದಿಲ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಅವನಿಗೆ ಏನು ನೆನಪಾಗಿರಬೇಕು! ಯೇಸು ಆ ರಾತ್ರಿಯ ಮಾತೆತ್ತುವುದಿಲ್ಲ. ಮೊದಲು ‘ಬನ್ನಿ, ಊಟ ಮಾಡಿ’ ಎನ್ನುತ್ತಾರೆ. ಊಟವಾದ ಮೇಲೆ ಮೂರು ಸಲ ಕೇಳುತ್ತಾರೆ, ಮೂರು ಸಲವೂ ಕೆಲಸ ಕೊಡುತ್ತಾರೆ.

ನಾಲ್ಕನೆಯ ಭಾನುವಾರವನ್ನು ಒಳ್ಳೆಯ ಕುರಿಗಾಹಿಯ ಭಾನುವಾರ ಎನ್ನುತ್ತೇವೆ. ಎ ವರ್ಷ ಇಲ್ಲೊಂದು ಎಡವಟ್ಟು ಕಾದಿದೆ. ಅಂದಿನ ವಾಚನ ಯೊವಾನ್ನ 10:1-10. ‘ನಾನೇ ಒಳ್ಳೆಯ ಕುರಿಗಾಹಿ’ ಎಂಬ ಮಾತು ಬರುವುದು 11ನೆಯ ವಚನದಲ್ಲಿ! ಅದು ಬಿ ವರ್ಷದ ಪಾಲು. ಎ ವರ್ಷ ಯೇಸು ಹೇಳುವುದು ‘ನಾನೇ ಬಾಗಿಲು’ ಎಂದು. ಕುರಿಗಾಹಿಯ ಚಿತ್ರ ಹಂಚಿ ಕುರಿಗಾಹಿಯ ಹಾಡು ಹಾಡಿ ಬಾಗಿಲನ್ನು ಮರೆಯಬೇಡಿ. ಈ ಬಾಗಿಲು ಯಾರಿಗಾಗಿ ಎಂದು ತಿಳಿಯಲು ಒಂದು ಅಧ್ಯಾಯ ಹಿಂದೆ ಹೋಗಿ. 9:34ರಲ್ಲಿ ದೃಷ್ಟಿ ಪಡೆದ ಹುಟ್ಟುಕುರುಡನನ್ನು ಹೊರಗೆ ದಬ್ಬುತ್ತಾರೆ. ಯೇಸು ಅವನನ್ನು ಹುಡುಕಿ ಕಂಡು, ಅಲ್ಲೇ ಇದ್ದ ಫರಿಸಾಯರಿಗೆ ಹೇಳುವ ಮಾತು ನಿಲ್ಲದೆ ಹತ್ತನೆಯ ಅಧ್ಯಾಯಕ್ಕೆ ಹರಿಯುತ್ತದೆ. ಅಧ್ಯಾಯಗಳ ಈ ವಿಂಗಡಣೆ ಹದಿಮೂರನೆಯ ಶತಮಾನದ್ದು, ಯೊವಾನ್ನನದಲ್ಲ.

ನಗರದ ಮಕ್ಕಳು ಕುರಿ ಕಂಡಿರುವುದು ಅಂಗಡಿಯಲ್ಲಿ ತೂಗುಹಾಕಿದ್ದನ್ನು. ಅವರಿಗೆ ರೊಪ್ಪ ಎಂದರೇನು ಎಂದು ಹೇಳಿ: ಬಯಲುಸೀಮೆಯಲ್ಲಿ ಕುರುಬರು ಮುಳ್ಳುಕೊಂಬೆಗಳನ್ನು ಸುತ್ತ ಒಟ್ಟಿ ಕುರಿಗಳನ್ನು ರಾತ್ರಿ ಕೂಡುವ ಜಾಗ. ಕಟಾವಾದ ಹೊಲದಲ್ಲಿ ಗೊಬ್ಬರಕ್ಕಾಗಿ ರೈತರೇ ಕರೆದು ಮಂದೆ ಹಾಕಿಸುತ್ತಾರೆ. ಒಳಗೆ ಬರಲು ಒಂದೇ ಕಂಡಿ. ಬೇಲಿ ಹಾರಿ ಬರುವವರು ತೋಳ ಇಲ್ಲವೇ ಕಳ್ಳ. ಯೇಸು ಹೇಳಿದ್ದು ಇಷ್ಟೇ ಸರಳವಾದ, ನೋಡಿದವರಿಗೆ ಥಟ್ಟನೆ ಹೊಳೆಯುವ ಮಾತು. ಕರೆಯುವ ದನಿಗೆ ಕುರಿ ಓಗೊಡುತ್ತದೆ, ‘ಹೆಸರು ಹಿಡಿದು ಕರೆಯುತ್ತಾನೆ’ ಎಂದು ಮೂರನೆಯ ವಚನ. ಸಮಾಧಿಯ ತೋಟದಲ್ಲಿ ‘ಮರಿಯಾ’ ಎಂದ ದನಿ ನೆನಪಿದೆಯಲ್ಲ?

ಐದು, ಆರನೆಯ ಭಾನುವಾರಗಳು ಯೇಸುವಿನ ವಿದಾಯದ ಮಾತುಗಳು. ಎ ವರ್ಷದ 14:1-12ನ್ನು ನಾವು ಹೆಚ್ಚಾಗಿ ಸಾವಿನ ಮನೆಯಲ್ಲಿ ಕೇಳಿದ್ದೇವೆ. ತಂದೆಯ ಮನೆಯಲ್ಲಿ ಅನೇಕ ನಿವಾಸಗಳಿವೆ ಎಂಬಲ್ಲಿನ ‘ನಿವಾಸ’ಕ್ಕೆ ಇರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಇದೆ, 14:23ರಲ್ಲಿ: ಪಿತನೂ ನಾನೂ ಅವನ ಬಳಿಗೆ ಬಂದು ಅವನಲ್ಲಿ ನಿವಾಸ ಮಾಡುತ್ತೇವೆ. ಮೊದಲನೆಯದು ನಾವು ಅಲ್ಲಿಗೆ ಹೋಗುವುದು, ಎರಡನೆಯದು ಅವರು ಇಲ್ಲಿಗೆ ಬರುವುದು. ಸಿ ವರ್ಷದ ಆರನೆಯ ಭಾನುವಾರ ಈ ಎರಡನೆಯದು ಬರುತ್ತದೆ. ಎರಡನ್ನೂ ಒಂದೇ ಸಂಜೆ ಓದಿಸಿ.

ಬಿ ವರ್ಷದ ದ್ರಾಕ್ಷಾಬಳ್ಳಿಗೆ, ಯೊವಾನ್ನ 15:1-8ಕ್ಕೆ, ನಮ್ಮ ಸೀಮೆಯಷ್ಟು ಒಳ್ಳೆಯ ಪಾಠಶಾಲೆ ಬೇರಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರಗಳಿವೆ. ಬೆಳೆಗಾರರನ್ನು ಕೇಳಿ. ಪಾಲೆಸ್ತೀನದಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಆಗ ಸವರುತ್ತಾರೆ. ನಮ್ಮ ಹವೆಯಲ್ಲಿ ಬಳ್ಳಿ ಹಾಗೆ ಮಲಗುವುದಿಲ್ಲ. ಸವರಿಯೇ ಅದನ್ನು ಹೊಸ ಚಿಗುರಿಗೆ ಎಬ್ಬಿಸಬೇಕು. ಸವರದೆ ಬಿಟ್ಟರೆ ಬಳ್ಳಿ ಸಾಯುವುದಿಲ್ಲ, ಚಪ್ಪರ ತುಂಬ ಸೊಪ್ಪಾಗುತ್ತದೆ, ಗೊಂಚಲು ಕಡಿಮೆಯಾಗುತ್ತದೆ. ಗೊಂಚಲು ಬರುವುದು ಹೊಸ ಚಿಗುರಿನಲ್ಲಿ, ಆ ಚಿಗುರು ಹೊರಡುವುದು ಬಲಿತ ಕಡ್ಡಿಯ ಕಣ್ಣಿನಲ್ಲಿ. ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು ಎಂಬುದೇ ಕಸುಬು. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಎರಡನೆಯ ವಚನ ಗಮನಿಸಿ: ಹಣ್ಣು ಕೊಡುವ ಕೊಂಬೆಗೂ ಕತ್ತರಿ ಬೀಳುತ್ತದೆ. ಕಷ್ಟ ಬಂದವರೆಲ್ಲ ತಪ್ಪು ಮಾಡಿದವರು ಎಂದು ಹೇಳುವ ಬಾಯಿಗೆ ಈ ವಚನ ಅಡ್ಡ ನಿಲ್ಲುತ್ತದೆ. ಆದರೆ ದುಃಖದಲ್ಲಿರುವವರ ಮುಂದೆ ‘ದೇವರು ನಿಮ್ಮನ್ನು ಸವರುತ್ತಿದ್ದಾರೆ’ ಎಂದು ನೀವಾಗಿ ಹೇಳಬೇಡಿ. ಅದನ್ನು ಅವರೇ ಎಂದಾದರೂ ಹೇಳಿಕೊಂಡಾರು. ನಮ್ಮ ‘ಸವರು’ ಎಂಬ ಮಾತಂತೂ ಎಷ್ಟು ಒಳ್ಳೆಯದು: ಕೊಂಬೆ ಸವರುವುದೂ ಅದೇ, ಮಗುವಿನ ತಲೆ ಸವರುವುದೂ ಅದೇ.

ಎ ವರ್ಷದ ಸ್ವರ್ಗಾರೋಹಣಕ್ಕೆ ಮತ್ತಾಯ 28:16-20. ‘ಹೋಗಿ, ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ’ ಎಂಬಲ್ಲಿಗೆ ಎಲ್ಲರೂ ಜಿಗಿಯುತ್ತಾರೆ. ಅದಕ್ಕೆ ಮುಂಚೆ 17ನೆಯ ವಚನ ಇದೆ: ಕಂಡು ಆರಾಧಿಸಿದರು, ಆದರೆ ಕೆಲವರು ಸಂದೇಹಪಟ್ಟರು. ಎರಡು ಮನಸ್ಸಾಯಿತು ಎಂಬ ಅರ್ಥದ ಆ ಕ್ರಿಯಾಪದವನ್ನು ಮತ್ತಾಯ ಇನ್ನೊಂದೇ ಸಲ ಬಳಸುತ್ತಾನೆ, ಪೇತ್ರ ನೀರಿನ ಮೇಲೆ ನಡೆದು ಮುಳುಗುವಾಗ. ಇಷ್ಟು ದಿನವಾದ ಮೇಲೂ, ಬೆಟ್ಟದ ಮೇಲೆ, ಎದುರಿಗೇ ನಿಂತಿರುವಾಗ ಸಂದೇಹ. ಯೇಸು ಸಂದೇಹಪಟ್ಟವರನ್ನು ಬೇರೆ ನಿಲ್ಲಿಸಿ, ಉಳಿದವರನ್ನು ಮಾತ್ರ ಕಳಿಸಲಿಲ್ಲ. ಹನ್ನೊಂದು ಜನರನ್ನೂ ಕಳಿಸಿದರು.

ಐವತ್ತನೆಯ ದಿನ, ಪೆಂತೆಕೋಸ್ತ್ ಹಬ್ಬ. ಹಗಲಿನ ಪೂಜೆಯ ಶುಭಸಂದೇಶ ಯಾವುದೆಂದು ನೋಡಿ ಅಚ್ಚರಿಪಡುತ್ತೀರಿ. ಯೊವಾನ್ನ 20:19-23, ಎರಡನೆಯ ಭಾನುವಾರ ತೋಮನ ಕತೆಗೆ ಮುಂಚೆ ಓದಿದ ಅದೇ ಐದು ವಚನ. ಏಳು ವಾರ ನಡೆದು ಮತ್ತೆ ಪಾಸ್ಖದ ಸಂಜೆಗೇ ಬರುತ್ತೇವೆ: ಬಾಗಿಲು ಹಾಕಿದೆ, ಒಳಗೆ ಹೆದರಿದವರು, ನಡುವೆ ಬಂದು ನಿಂತವರು ‘ನಿಮಗೆ ಶಾಂತಿ’ ಎಂದು ಉಸಿರೂದುತ್ತಾರೆ. ಆ ಉಸಿರೂದುವ ಕ್ರಿಯಾಪದ ಆದಿಕಾಂಡ 2:7ರ ಗ್ರೀಕ್ ಅನುವಾದದಲ್ಲಿ ದೇವರು ಮಣ್ಣಿನ ಮನುಷ್ಯನ ಮೂಗಿಗೆ ಉಸಿರು ಊದಿದ ಕಡೆ ಇರುವುದೇ. ಕಡೆಯ ಕೂಟದಲ್ಲಿ ಈ ಐದು ವಚನವನ್ನು, ಮೊದಲ ಸಲ ಓದಿದವರ ಕೈಯಲ್ಲೇ, ಮತ್ತೊಮ್ಮೆ ಓದಿಸಿ. ಅದೇ ಪಠ್ಯ ಈಗ ಹೇಗೆ ಕೇಳಿಸಿತು ಎಂಬ ಒಂದೇ ಪ್ರಶ್ನೆ ಸಾಕು. ಆ ಭಾನುವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಬಲಿಪೀಠದ ಪಕ್ಕದ ಪಾಸ್ಖ ಮೇಣದಬತ್ತಿಯನ್ನು ಎತ್ತಿ ದೀಕ್ಷಾಸ್ನಾನದ ತೊಟ್ಟಿಯ ಬಳಿ ಇಡುತ್ತಾರೆ. ಇನ್ನು ಅದನ್ನು ಹೊತ್ತಿಸುವುದು ಹಸುಗೂಸನ್ನು ದೀಕ್ಷಾಸ್ನಾನಕ್ಕೆ ತಂದಾಗ, ಶವಪೆಟ್ಟಿಗೆಯನ್ನು ಗುಡಿಯೊಳಗೆ ತಂದಾಗ.